ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಓದುಗರೇ, ರಾಮನಗರದ ರೇಷ್ಮೆ ಕಸುಬನ್ನೊಮ್ಮೆ ಗಮನಿಸಿರಿ. ಹುಳು ತಿಂದುಳಿದ ಸೊಪ್ಪು, ಅದರ ಹಿಕ್ಕೆ ಗೊಬ್ಬರವಾಗಿ ಹಿಪ್ಪುನೇರಳೆ ತೋಟಕ್ಕೇ ಮರಳುತ್ತವೆ. ನೂಲು ತೆಗೆದ ಮೇಲುಳಿಯುವ ಪ್ಯೂಪಾದಿಂದ ಎಣ್ಣೆ, ಕೋಳಿ-ಮೀನುಗಳಿಗೆ ಮೇವು. ಅಲ್ಲಾಹನ ಸೃಷ್ಟಿಯಲ್ಲಿ ಯಾವುದೂ ವ್ಯರ್ಥವಲ್ಲ.

ಆದರೆ ಗೂಡು ಬೇಯಿಸಿದ ನೀರು? ಚರಂಡಿಗೆ ಬಿಟ್ಟರೆ ಅದು ಅರ್ಕಾವತಿ ಸೇರಿ ಕನಕಪುರದತ್ತ ಹರಿಯುತ್ತದೆ. ನಮ್ಮ ಅಂಗಳವೇನೋ ಶುಚಿಯಾಯಿತು, ಕೆಳಗಿನವರದು?

ಇಸ್ರಾಫ್ ಎಂದರೆ ದುಂದುವೆಚ್ಚ ಮಾತ್ರವೆಂದು ತಿಳಿಯುತ್ತೇವೆ. ಹರಿಯುವ ನದಿಯ ಬಳಿ ವುಝೂ ಮಾಡುವಾಗಲೂ ನೀರು ಪೋಲಾಗಬಾರದೆಂದು ಕಲಿಸಿದ ಪ್ರವಾದಿಯವರು(ಸ), ಜನರು ಬಳಸುವ ನೀರಿನ ತಾಣವನ್ನು ಹೊಲಸು ಮಾಡುವುದನ್ನೂ ನಿಷೇಧಿಸಿದರು. ಮಿತವಾಗಿ ಬಳಸಿದರೆ ಸಾಲದು, ಬಳಸಿದ್ದಕ್ಕೆ ಹೊಣೆಯೂ ಆಗಬೇಕು.

ಕೊಳೆನೀರನ್ನು ಶುದ್ಧಗೊಳಿಸದೆ ಉಳಿಸಿದ ಹಣ ನಮ್ಮ ಲಾಭವಲ್ಲ, ಹೊಳೆಯ ಕೆಳಗಿನವರ ಸಾಲ. ಆ ಸಾಲಕ್ಕೆ ಪರಲೋಕದಲ್ಲಿ ಲೆಕ್ಕವಿದೆ.