ಹಳೆಯ ಡೀಸೆಲ್ ರೈಲಿನ ಚಿತ್ರಗಳು ಮತ್ತು ನೆನಪಿನ ಪ್ರಾಮಾಣ್ಯ

ಬ್ರಿಟನ್ನಿನ ಹಳಿಗಳ ಮೇಲೆ 1950ರ ದಶಕದ ಕೊನೆಯಿಂದ 1990ರ ದಶಕದವರೆಗೆ ಓಡಿದ ಡೀಸೆಲ್ ರೈಲುಗಳ ಛಾಯಾಚಿತ್ರಗಳು ಲೆಕ್ಕವಿಲ್ಲದಷ್ಟು ಉಳಿದಿವೆ. ಅವನ್ನು ತೆಗೆದವರಲ್ಲಿ ಬಹುಪಾಲು ಮಂದಿ ಹವ್ಯಾಸಿಗಳು. ಪ್ಲಾಟ್‌ಫಾರಂನ ತುದಿ, ಹಳಿಯ ಮೇಲಿನ ಸೇತುವೆ, ಎಂಜಿನ್ ಷೆಡ್ಡಿನ ಬೇಲಿ ಅವರು ನಿಲ್ಲುತ್ತಿದ್ದ ಜಾಗಗಳು. ಇಂದು ಈ ಚಿತ್ರಗಳನ್ನು ನೋಡುವವರಲ್ಲಿ ಏಳುವ ಭಾವ ಹಳಹಳಿಕೆ: ಕಳೆದುಹೋದದ್ದು ಒಳ್ಳೆಯದಾಗಿತ್ತು, ಅದು ಮತ್ತೆ ಬಾರದು ಎಂಬ ಸಿಹಿ ಬೆರೆತ ನೋವು. ಈ ಭಾವ ಎರಡು ತಾತ್ವಿಕ ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಹಳಹಳಿಕೆ ಪ್ರೀತಿಸುವುದು ವಸ್ತುವನ್ನೋ, ಅದರ ಕಾಲವನ್ನೋ, ನೋಡುವವನ ಕಳೆದ ವಯಸ್ಸನ್ನೋ? ಚಿತ್ರದಿಂದ ದೊರೆಯುವುದು ಗತಕಾಲದ ಜ್ಞಾನವೋ, ಅದರ ಮೇಲಿನ ಮೋಹವೋ? ಡೀಸೆಲ್ ರೈಲು ಈ ಪ್ರಶ್ನೆಗಳಿಗೆ ತಕ್ಕ ಉದಾಹರಣೆ. ಬಂದ ಹೊಸತರಲ್ಲಿ ರೈಲುಪ್ರಿಯರು ಅದನ್ನು ಪ್ರೀತಿಸಲಿಲ್ಲ, ಹೋಗುವ ಹೊತ್ತಿಗೆ ಅದಕ್ಕಾಗಿ ಮರುಗಿದರು.

ಬ್ರಿಟನ್ನಿನ ಮುಖ್ಯ ಮಾರ್ಗಗಳಿಗೆಂದು ಕಟ್ಟಿದ ಮೊದಲ ಡೀಸೆಲ್ ಎಂಜಿನ್, 10000 ಸಂಖ್ಯೆಯದು, 1947ರ ಡಿಸೆಂಬರಿನಲ್ಲಿ ಡರ್ಬಿ ಕಾರ್ಖಾನೆಯಿಂದ ಹೊರಬಂತು. 1955ರ ಆಧುನೀಕರಣ ಯೋಜನೆ 124 ಕೋಟಿ ಪೌಂಡ್ ವೆಚ್ಚದಲ್ಲಿ ಉಗಿ ಎಂಜಿನ್ನುಗಳನ್ನು ತೆಗೆದು ಡೀಸೆಲ್ ಮತ್ತು ವಿದ್ಯುತ್ ರೈಲುಗಳನ್ನು ತರಲು ಹೊರಟಿತು. ಮೊದಲು 174 ಎಂಜಿನ್ನುಗಳನ್ನು ಹಲವು ತಯಾರಕರಿಂದ ಕೊಂಡು ಪರೀಕ್ಷಿಸುವ ಉದ್ದೇಶವಿತ್ತು. ಆದರೆ ಪರೀಕ್ಷೆಯ ಫಲ ಕೈಸೇರುವ ಮೊದಲೇ ದೊಡ್ಡ ಪ್ರಮಾಣದಲ್ಲಿ ಖರೀದಿ ನಡೆಯಿತು. ಹಲವು ಮಾದರಿಗಳು ಪದೇಪದೇ ಕೆಟ್ಟು ನಿಂತವು. ಮತ್ತೆ ಕೆಲವಕ್ಕೆ ಮಾಡಲು ಕೆಲಸವೇ ಉಳಿಯಲಿಲ್ಲ: ಸ್ವಿಂಡನ್ನಿನಲ್ಲಿ 1964–65ರಲ್ಲಿ ಕಟ್ಟಿದ 14ನೇ ವರ್ಗದ 56 ಎಂಜಿನ್ನುಗಳನ್ನು 1969ರೊಳಗೆ ರೈಲ್ವೆ ಸೇವೆಯಿಂದ ಕೈಬಿಡಲಾಯಿತು. 1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನುಗಳ ಯುಗ ಮುಗಿಯಿತು. ಅಲ್ಲಿಗೆ ಎಷ್ಟೋ ಹವ್ಯಾಸಿಗಳು ಕ್ಯಾಮೆರಾ ಎತ್ತಿಟ್ಟರು. ಅವರ ಕಣ್ಣಿಗೆ ಡೀಸೆಲ್ ಎಂದರೆ ಉಗಿಯ ಜಾಗ ಕಸಿದ ಮುಖವಿಲ್ಲದ ಪೆಟ್ಟಿಗೆ. ಪಾದ್ರಿಯಾಗಿದ್ದ ಡಬ್ಲ್ಯು. ಆಡ್ರಿ ಮಕ್ಕಳಿಗಾಗಿ ಬರೆದ ರೈಲುಕಥೆಗಳ 1958ರ ಸಂಪುಟದಲ್ಲಿ ಡೀಸೆಲ್ ಎಂಜಿನ್ ಬರುವುದು ಚಾಡಿ ಹೇಳಿ ಜಗಳ ಹಚ್ಚುವ ಪಾತ್ರವಾಗಿ.

ಒಂದು ತಲೆಮಾರಿನೊಳಗೆ ಗಾಳಿ ತಿರುಗಿತು. ಉಗಿಯನ್ನು ಕಾಣದೆ ಡೀಸೆಲ್ ರೈಲುಗಳ ನಡುವೆಯೇ ಬೆಳೆದ ಹುಡುಗರು ಅವುಗಳ ಸಂಖ್ಯೆ ಬರೆದುಕೊಂಡರು, ಸದ್ದಿನಿಂದಲೇ ವರ್ಗ ಗುರುತಿಸಲು ಕಲಿತರು. 1961–64ರ ನಡುವೆ ಕಟ್ಟಿದ 74 'ವೆಸ್ಟರ್ನ್' ಎಂಜಿನ್ನುಗಳು 1977ರ ಫೆಬ್ರವರಿಯಲ್ಲಿ ಕೊನೆಯ ಓಟ ಓಡಿದಾಗ ಹಳಿಯ ಬದಿಗಳಲ್ಲಿ ಕ್ಯಾಮೆರಾ ಹಿಡಿದವರು ನೆರೆದಿದ್ದರು. ಎರಡು ನೇಪಿಯರ್ ಯಂತ್ರಗಳಿಂದ 3,300 ಅಶ್ವಶಕ್ತಿ ಪಡೆದು ಗಂಟೆಗೆ 100 ಮೈಲಿ ವೇಗದಲ್ಲಿ ಓಡುತ್ತಿದ್ದ 22 'ಡೆಲ್ಟಿಕ್'ಗಳ ವಿದಾಯದ ಓಟ 1982ರ ಜನವರಿ 2ರಂದು ನಡೆದಾಗ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣ ಕಿಕ್ಕಿರಿದಿತ್ತು. ಇನ್ನೂ ವಿಚಿತ್ರವಾದದ್ದು 'ಪೇಸರ್' ರೈಲುಗಳ ಕಥೆ. 1980ರ ದಶಕದಲ್ಲಿ ಬಸ್ಸಿನ ಒಡಲನ್ನು ಅನುಸರಿಸಿ ಅಗ್ಗದಲ್ಲಿ ಕಟ್ಟಿದ ಇವುಗಳ ಕುಲುಕಾಟವನ್ನು ಪ್ರಯಾಣಿಕರು ದಶಕಗಳ ಕಾಲ ಶಪಿಸಿದ್ದರು. ಸೇವೆಯಿಂದ ನಿವೃತ್ತವಾದ ಕೂಡಲೇ ಸಂರಕ್ಷಣಾ ಸಂಘಗಳು ಅವನ್ನೂ ಕೊಂಡು ಇಟ್ಟುಕೊಂಡವು.

ಹಳಹಳಿಕೆಗೆ ಕಾರಣ ವಸ್ತುವಿನ ಗುಣವೇ ಆಗಿದ್ದರೆ ಇಂಥ ತಿರುವು ಸಾಧ್ಯವಿಲ್ಲ. 1960ರಲ್ಲಿ ಕುರೂಪವಾಗಿದ್ದ ಯಂತ್ರಕ್ಕೆ 1980ರ ಹೊತ್ತಿಗೆ ಹೊಸ ಸೌಂದರ್ಯವೇನೂ ಬಂದಿರಲಿಲ್ಲ. ಯೂರೋಪಿನ ಚಿಂತನೆಯಲ್ಲಿ ಇದಕ್ಕೆ ಹಳೆಯ ವಿವರಣೆಯೊಂದಿದೆ. ಪರದೇಶದಲ್ಲಿ ದುಡಿಯುತ್ತಿದ್ದ ಸ್ವಿಸ್ ಸೈನಿಕರ ಊರಿನ ಕೊರಗನ್ನು 17ನೇ ಶತಮಾನದ ಕೊನೆಯಿಂದ ವೈದ್ಯರು ರೋಗವೆಂದೇ ಎಣಿಸುತ್ತಿದ್ದರು. ಇಮ್ಯಾನ್ಯುಯೆಲ್ ಕಾಂಟ್ 1798ರ ತನ್ನ ಮಾನವಶಾಸ್ತ್ರ ಗ್ರಂಥದಲ್ಲಿ ಆ ರೋಗಿಗಳ ಬಗ್ಗೆ ಒಂದು ಸೂಕ್ಷ್ಮವನ್ನು ಗುರುತಿಸಿದ. ಊರಿಗೆ ಮರಳಿದವರಿಗೆ ನಿರಾಶೆಯೇ ಆಗುತ್ತಿತ್ತು. ಎಲ್ಲವೂ ಬದಲಾಗಿದೆ ಎಂದು ಅವರು ಭಾವಿಸುತ್ತಿದ್ದರೂ ನಿಜದಲ್ಲಿ ಅವರು ಮರಳಿ ಪಡೆಯಲಾರದೆ ಹೋದದ್ದು ತಮ್ಮ ಎಳೆವಯಸ್ಸನ್ನು.

ಕಾಂಟನ ಮಾತು ಡೀಸೆಲ್ ರೈಲಿಗೆ ಬಹುಮಟ್ಟಿಗೆ ಹೊಂದುತ್ತದೆ. 1960–65ರಲ್ಲಿ ಕಟ್ಟಿದ 37ನೇ ವರ್ಗದ 309 ಎಂಜಿನ್ನುಗಳಲ್ಲಿ ಕೆಲವು 2020ರ ದಶಕದಲ್ಲೂ ದುಡಿದಿವೆ. ಕಣ್ಣೆದುರಿಗೇ ಓಡುವ ವಸ್ತುವಿನ ಹಳೆಯ ಚಿತ್ರವೂ ಹಳಹಳಿಕೆ ಹುಟ್ಟಿಸುತ್ತದೆ ಎಂದಾದರೆ, ಇಲ್ಲವಾದದ್ದು ಎಂಜಿನ್ ಅಲ್ಲ, ಅದರ ಸುತ್ತಣ ಬದುಕು. ಆದರೂ ಈ ವಿವರಣೆ ಪೂರ್ತಿ ಸಾಲದು. ತಾವು ಹುಟ್ಟುವ ಮೊದಲೇ ಗುಜರಿ ಸೇರಿದ ಎಂಜಿನ್ನುಗಳ ಚಿತ್ರ ನೋಡಿ ಮರುಗುವ ಕಿರಿಯರಿದ್ದಾರೆ. ಅವರು ಕಳೆದುಕೊಂಡ ಯೌವನ ಆ ಚಿತ್ರಗಳಲ್ಲಿ ಇರಲಾರದು. ಆದ್ದರಿಂದ ಚಿತ್ರ ನೋಡುವವನಿಗೆ ಏನನ್ನು ಕೊಡುತ್ತದೆ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಚಿತ್ರ ಮೊದಲಿಗೆ ಒಂದು ರಾಸಾಯನಿಕ ವಸ್ತು. ಆ ಕಾಲದ ಬಣ್ಣದ ಸ್ಲೈಡುಗಳಿಗೆ ಹವ್ಯಾಸಿಗಳು ಮೆಚ್ಚಿದ ಫಿಲ್ಮ್ ಕೊಡಾಕ್ರೋಮ್. ಅದರ 25 ವೇಗದ ಮಾದರಿಗೆ ಬಹಳ ಬೆಳಕು ಬೇಕಾಗುತ್ತಿತ್ತು. ಓಡುವ ರೈಲು ಮಸುಕಾಗದೆ ಮೂಡಬೇಕಾದರೆ ಷಟರ್ ಸೆಕೆಂಡಿನ ಐನೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದಿರಬೇಕು. ಈ ಎರಡೂ ಕೂಡಿದಾಗ ಒಳ್ಳೆಯ ಬಿಸಿಲಿಲ್ಲದೆ ಚಿತ್ರವಿಲ್ಲ. ಹೀಗಾಗಿ ಮೋಡ ಕವಿದ ದಿನಗಳೇ ಹೆಚ್ಚಿರುವ ದೇಶದ ರೈಲುಗಳು ಸ್ಲೈಡುಗಳಲ್ಲಿ ಬಿಸಿಲಿನಲ್ಲಿ ಮಿಂದು ನಿಂತಿವೆ. ಫಿಲ್ಮ್ ದುಬಾರಿ, ಒಂದು ಸುರುಳಿಗೆ 36 ಚಿತ್ರ. ಆದ್ದರಿಂದ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎಂಜಿನ್ನಿನ ಮುಖ ಮತ್ತು ಒಂದು ಪಕ್ಕ ಕಾಣುವಂತೆ ತೆಗೆಯುವುದು ಪದ್ಧತಿಯಾಯಿತು. ಬೇರೆ ಹಲವು ಫಿಲ್ಮ್‌ಗಳ ಬಣ್ಣ ಕಾಲಕ್ರಮದಲ್ಲಿ ಕೆಂಪಿಗೆ ವಾಲಿತು. ನೋಡುವವರು ಹಳೆಯ ಕಾಲದ ಸೊಬಗೆಂದು ಸವಿಯುವ ಆ ಛಾಯೆ ವರ್ಣದ್ರವ್ಯದ ಕ್ಷಯವಷ್ಟೆ. ಚಿತ್ರ ತಾನಾಗಿ ಸುಳ್ಳಾಡುವುದಿಲ್ಲ, ಆದರೆ ಯಾವ ಕ್ಷಣಗಳು ಉಳಿಯಬೇಕೆಂಬುದನ್ನು ಬೆಳಕು, ಹಣ, ಅಭಿರುಚಿಗಳು ಆರಿಸಿರುತ್ತವೆ.

ಇಂಥ ಆಯ್ಕೆಯ ನಡುವೆಯೂ ಚಿತ್ರಕ್ಕೂ ವಸ್ತುವಿಗೂ ನೇರವಾದ ನಂಟಿದೆ. ಫ್ರೆಂಚ್ ವಿಮರ್ಶಕ ಆಂದ್ರೆ ಬಾಜಾನ್ 1945ರಲ್ಲಿ ಛಾಯಾಚಿತ್ರವನ್ನು ಕಾಲದ ಕೊಳೆಯುವಿಕೆಯಿಂದ ವಸ್ತುವನ್ನು ಕಾಪಿಡುವ ಬಯಕೆಗೆ ಜೋಡಿಸಿದ. ಅಮೆರಿಕದ ತತ್ವಜ್ಞಾನಿ ಕೆಂಡಾಲ್ ವಾಲ್ಟನ್ 1984ರಲ್ಲಿ ಇನ್ನೂ ಮುಂದೆ ಹೋಗಿ, ಛಾಯಾಚಿತ್ರ ಪಾರದರ್ಶಕವಾದದ್ದು, ಅದರ ಮೂಲಕ ನಾವು ಗತವಸ್ತುವನ್ನೇ ಕಾಣುತ್ತೇವೆ ಎಂದು ವಾದಿಸಿದ. ವಾಲ್ಟನ್ನನ ವಾದದಂತೆ 1975ರ ಸ್ಲೈಡನ್ನು ನೋಡುವವನು ಡೆಲ್ಟಿಕ್ಕನ್ನೇ ನೋಡುತ್ತಿದ್ದಾನೆ.

ಗತವಸ್ತುವಿನ ನಿಜವಾದ ಜ್ಞಾನ ದೊರೆಯುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ಪ್ರಮಾಣಶಾಸ್ತ್ರ ನೆನಪಿನ ಬಗ್ಗೆ ಬಹು ಹಿಂದೆಯೇ ಕೇಳಿತ್ತು. ಮೀಮಾಂಸಕರಿಗೆ ಸ್ಮೃತಿ ಪ್ರಮಾಣವಲ್ಲ, ಅಂದರೆ ಜ್ಞಾನದ ಮೂಲವಲ್ಲ, ಏಕೆಂದರೆ ಅದು ಮೊದಲೇ ತಿಳಿದದ್ದನ್ನು ಮತ್ತೆ ಹೇಳುತ್ತದೆ. ನೈಯಾಯಿಕರಲ್ಲಿ ಜಯಂತಭಟ್ಟನ ಆಕ್ಷೇಪ ಬೇರೆ: ನೆನೆಯುವ ಹೊತ್ತಿಗೆ ವಸ್ತು ಇಲ್ಲವಾಗಿರಬಹುದು, ಆದ್ದರಿಂದ ಸ್ಮೃತಿ ವಸ್ತುವಿನಿಂದ ಹುಟ್ಟಿದ್ದಲ್ಲ. ಛಾಯಾಚಿತ್ರ ಈ ಎರಡನೆಯ ಆಕ್ಷೇಪವನ್ನು ದಾಟುತ್ತದೆ. ಎಂಜಿನ್ ಗುಜರಿಯಾಗಿ ದಶಕಗಳಾಗಿದ್ದರೂ ಫಿಲ್ಮಿನ ಗುರುತು ಅದರ ಮೈಯಿಂದ ಹೊಮ್ಮಿದ ಬೆಳಕಿನಿಂದಲೇ ಮೂಡಿದೆ. ಹಾಗೆಂದು ನ್ಯಾಯದರ್ಶನ ಚಿತ್ರವನ್ನು ನೋಡುವುದನ್ನು ಪ್ರತ್ಯಕ್ಷವೆಂದು ಒಪ್ಪಬೇಕಾಗಿಲ್ಲ. ನದಿಯ ಪ್ರವಾಹ ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ಊಹಿಸುವಂತೆ ಕಾರ್ಯದಿಂದ ಕಾರಣವನ್ನು ತಿಳಿಯುವ ಅನುಮಾನ ಇದು ಎನ್ನಬಹುದು. ಆ ರೈಲನ್ನು ಹಿಂದೆ ಕಂಡವನಿಗಾದರೆ ಚಿತ್ರ ಸಂಸ್ಕಾರವನ್ನು, ಅಂದರೆ ಹಿಂದಿನ ಅನುಭವ ಮನಸ್ಸಿನಲ್ಲಿ ಉಳಿಸಿದ ಅಚ್ಚನ್ನು, ಎಬ್ಬಿಸುವ ಉದ್ಬೋಧಕ. ನೆನಪನ್ನು ಎಬ್ಬಿಸುವ ಕಾರಣಗಳನ್ನು ಎಣಿಸುವಾಗ ನ್ಯಾಯಸೂತ್ರ ಗುರುತು ಮತ್ತು ಸಾದೃಶ್ಯಗಳ ಜೊತೆಗೇ ಅಗಲಿಕೆಯನ್ನೂ ರಾಗವನ್ನೂ ಹೆಸರಿಸುತ್ತದೆ.

ಕನ್ನಡನಾಡಿನಲ್ಲಿ ಬೆಳೆದ ದ್ವೈತದರ್ಶನ ಸ್ಮೃತಿಯ ಪರ ನಿಂತಿತು. ಮಧ್ವಾಚಾರ್ಯರ ಮತದಲ್ಲಿ ವಸ್ತು ಹೇಗಿದೆಯೋ ಹಾಗೆ ತಿಳಿಯುವುದೇ ಪ್ರಮಾಣದ ಲಕ್ಷಣ, ತಿಳಿವು ಹೊಸದೇ ಆಗಬೇಕೆಂಬ ಷರತ್ತಿಲ್ಲ. 14ನೇ ಶತಮಾನದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಇದನ್ನು ವ್ಯವಸ್ಥಿತವಾಗಿ ಪ್ರತಿಪಾದಿಸಿದರು. ಸಂಸ್ಕಾರದ ನೆರವಿನಿಂದ ಮನಸ್ಸೆಂಬ ಇಂದ್ರಿಯ ಗತವಸ್ತುವನ್ನು ನೇರವಾಗಿ ಗ್ರಹಿಸುತ್ತದೆ ಎಂಬುದು ಅವರ ಪಂಥದ ನಿಲುವು. ಈ ಲೆಕ್ಕದಲ್ಲಿ ನೆನಪಿಗೆ ತಗಲುವ ಒರೆಗಲ್ಲು ಒಂದೇ, ಯಥಾರ್ಥತೆ. ಅದನ್ನು ಹಳಹಳಿಕೆಗೆ ಹಚ್ಚಿದರೆ ವಿಭಾಗ ಸ್ಪಷ್ಟವಾಗುತ್ತದೆ. ನೀಲಿ ಬಣ್ಣದ, ಹಳದಿ ಮುಖದ ಎಂಜಿನ್ ಇಂಥ ದಿನ ಇಂಥ ನಿಲ್ದಾಣದಲ್ಲಿ ನಿಂತಿತ್ತು ಎಂಬ ನೆನಪು ಯಥಾರ್ಥ. ಆ ಕಾಲದ ರೈಲುಗಳೆಲ್ಲ ಹೊತ್ತಿಗೆ ಸರಿಯಾಗಿ, ಬಿಸಿಲಲ್ಲಿ ಹೊಳೆಯುತ್ತ ಓಡುತ್ತಿದ್ದವು ಎಂಬುದು ಚಿತ್ರ ಹೇಳದ ಮಾತು, ನೋಡುವವನು ತಾನಾಗಿ ಕೂಡಿಸಿಕೊಂಡದ್ದು.

ಚಿತ್ರದಲ್ಲಿರುವುದೂ ಇಂದು ಉಳಿದಿರುವುದೂ ಒಂದೇ ಎಂಜಿನ್ನೇ ಎಂಬುದು ಮತ್ತೊಂದು ಸಮಸ್ಯೆ. ರಾಯಲ್ ಸ್ಕಾಟ್ಸ್ ಗ್ರೇ ಎಂಬ ಡೆಲ್ಟಿಕ್ 1961ರಲ್ಲಿ ಡಿ9000 ಆಗಿತ್ತು, 1970ರ ದಶಕದ ಗಣಕ ಪದ್ಧತಿಯಲ್ಲಿ 55022 ಆಯಿತು. ಮೈಬಣ್ಣ ಹಸಿರಿನಿಂದ ನೀಲಿಯಾಯಿತು. ಡೆಲ್ಟಿಕ್‌ಗಳ ಯಂತ್ರಗಳನ್ನು ಡಾನ್‌ಕಾಸ್ಟರ್ ಕಾರ್ಖಾನೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಿಸುವುದು ನಿರ್ವಹಣೆಯ ಕ್ರಮವೇ ಆಗಿತ್ತು. ಸಂಖ್ಯೆ, ಬಣ್ಣ, ಯಂತ್ರ ಮೂರೂ ಬೇರೆಯಾದ ಮೇಲೂ 'ಇದು ಅದೇ' ಎಂಬ ತಿಳಿವು ಮೂಡುತ್ತದೆ. ಇಂಥ ತಿಳಿವನ್ನು ಶಾಸ್ತ್ರಗಳು ಪ್ರತ್ಯಭಿಜ್ಞೆ ಎನ್ನುತ್ತವೆ. ಎಲ್ಲವೂ ಕ್ಷಣಿಕವೆನ್ನುವ ಬೌದ್ಧರಿಗೆ ಇದು ಭ್ರಮೆ: ಸದೃಶ ಕ್ಷಣಗಳ ಸಾಲನ್ನು ಮನಸ್ಸು ಒಂದೆಂದು ಕಟ್ಟುತ್ತದೆ. ನೈಯಾಯಿಕರಿಗೆ ಇದೇ ವಸ್ತುವಿನ ಸ್ಥಿರತೆಗೆ ಸಾಕ್ಷಿ. ಗುಣಗಳು ಬಂದು ಹೋಗುತ್ತವೆ, ದ್ರವ್ಯ ನಿಲ್ಲುತ್ತದೆ. ಜೈನರು ದ್ರವ್ಯದ ನೆಲೆಯಿಂದ ನಿತ್ಯ, ಪರ್ಯಾಯಗಳ, ಅಂದರೆ ಬದಲಾಗುವ ಅವಸ್ಥೆಗಳ, ನೆಲೆಯಿಂದ ಅನಿತ್ಯ ಎಂದು ಎರಡಕ್ಕೂ ಎಡೆ ಮಾಡಿಕೊಡುತ್ತಾರೆ. ಸಂರಕ್ಷಿತ ಎಂಜಿನ್ನಿಗೆ ಯಾವ ವರ್ಷದ ಬಣ್ಣ ಬಳಿಯಬೇಕೆಂಬ ರೈಲುಪ್ರಿಯರ ಜಗಳ ಪರ್ಯಾಯಗಳ ಕುರಿತಾದದ್ದು. ಚಿತ್ರ ತೋರಿಸಬಲ್ಲದ್ದೂ ಒಂದು ಪರ್ಯಾಯವನ್ನು ಮಾತ್ರ.

ಚಿತ್ರದ ಹೆಚ್ಚಿನ ಜ್ಞಾನಮೌಲ್ಯ ಇರುವುದು ತೆಗೆದವನು ಉದ್ದೇಶಿಸದ ಭಾಗದಲ್ಲಿ. ಕೈಮರ ಸಿಗ್ನಲ್, ಕಲ್ಲಿದ್ದಲ ರಾಶಿ, ಸಣ್ಣ ಸರಕುಗಳ ಅಂಗಳ, ಗೋದಾಮಿನ ಬಾಗಿಲಲ್ಲಿ ನಿಂತ ಹಮಾಲಿ ಇವೆಲ್ಲ ಎಂಜಿನ್ನಿನ ಹಿಂದೆ ಸುಮ್ಮನೆ ಸೇರಿಕೊಂಡಿವೆ. 1963ರ ಬೀಚಿಂಗ್ ವರದಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಲು ಸಲಹೆ ಮಾಡಿತು. ಮುಚ್ಚಿದ ಎಷ್ಟೋ ಮಾರ್ಗಗಳ ಕೊನೆಯ ದಿನಗಳ ದಾಖಲೆ ಈ ಚಿತ್ರಗಳೇ. ಆದರೆ ಇಲ್ಲದಿರುವಿಕೆ ಚಿತ್ರದಲ್ಲಿ ಕಾಣುವುದಿಲ್ಲ. ಅಭಾವದ ಅರಿವಿಗೆ ಯಾವುದರ ಅಭಾವವೋ ಆ ಪ್ರತಿಯೋಗಿಯ ತಿಳಿವು ಬೇಕೆನ್ನುತ್ತದೆ ನ್ಯಾಯ. ಹಳೆಯ ಚಿತ್ರ ಒದಗಿಸುವುದು ಆ ಪ್ರತಿಯೋಗಿಯನ್ನು. ತಾವು ಕಾಣದ ಕಾಲಕ್ಕೆ ಕಿರಿಯರು ಮರುಗುವುದರ ವಿವರಣೆಯೂ ಇಲ್ಲೇ ಇದೆ: ಇಂದಿನ ಬರಿದಾದ ನಿಲ್ದಾಣದಲ್ಲಿ ಏನಿಲ್ಲ ಎಂಬುದನ್ನು ಅವರು ಚಿತ್ರದಿಂದ ಕಲಿತಿದ್ದಾರೆ.

ಚಿತ್ರಕ್ಕೆ ಸಿಕ್ಕದ್ದೂ ಬಹಳವಿದೆ. ಮೊದಲ ಪೀಳಿಗೆಯ ಡೀಸೆಲ್ ರೈಲುಗಾಡಿಗಳಲ್ಲಿ ಶಾಖ ತಡೆಯಲು ನೀಲಿ ಆಸ್ಬೆಸ್ಟಾಸ್ ತುಂಬುತ್ತಿದ್ದರು, ಅದರ ದೂಳು ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ಸೇರಿತು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ವರ್ಗೀಕರಿಸಿತು. ಸ್ಲೈಡಿನಲ್ಲಿ ಆಕಾಶಕ್ಕೆ ಏರುವ ಹೊಗೆ ಸುಂದರವಾಗಿಯೇ ಕಾಣುತ್ತದೆ.

ಇಲ್ಲಿಂದ ಪ್ರಶ್ನೆ ನೀತಿ ಮತ್ತು ಧರ್ಮದ ಕಡೆಗೆ ಹೊರಳುತ್ತದೆ. ಹಿಂದಿನ ದಿನಗಳೇ ಮೇಲಾಗಿದ್ದವೇಕೆ ಎಂದು ಕೇಳುವುದು ಜಾಣತನವಲ್ಲ ಎಂಬ ಎಚ್ಚರಿಕೆ ಬೈಬಲ್ಲಿನ ಪ್ರಸಂಗಿ ಗ್ರಂಥದಲ್ಲಿದೆ. ಅದೇ ಪರಂಪರೆಯ ಸಂತ ಅಗಸ್ಟೀನ್ ಗತಕಾಲ ಇರುವುದು ಮನಸ್ಸಿನ ವರ್ತಮಾನದಲ್ಲಿ, ಸ್ಮೃತಿಯ ರೂಪದಲ್ಲಿ ಎಂದು ವಿವೇಚಿಸಿ ನೆನಪಿಗೆ ಆಧ್ಯಾತ್ಮಿಕ ಘನತೆ ಕೊಟ್ಟ. ವೇಕ್‌ಫೀಲ್ಡಿನ ಬಿಷಪ್ ಆಗಿದ್ದ ಎರಿಕ್ ಟ್ರೇಸಿ ಬ್ರಿಟನ್ನಿನ ಹೆಸರಾಂತ ರೈಲು ಛಾಯಾಗ್ರಾಹಕರಲ್ಲೊಬ್ಬ. ಧರ್ಮಪೀಠಕ್ಕೂ ಯಂತ್ರದ ಮೇಲಿನ ಒಲವಿಗೂ ವಿರೋಧ ಇರಲೇಬೇಕೆಂದಿಲ್ಲ ಎಂಬುದಕ್ಕೆ ಅವರ ಬಾಳು ಉದಾಹರಣೆ. 1978ರಲ್ಲಿ ಅವರು ತೀರಿಕೊಂಡದ್ದು ಆಪಲ್‌ಬಿ ರೈಲು ನಿಲ್ದಾಣದಲ್ಲಿ.

ಪತಂಜಲಿಯ ಯೋಗಸೂತ್ರ ಈ ವಿವೇಚನೆಗೆ ಹದವಾದ ಚೌಕಟ್ಟು ಕೊಡುತ್ತದೆ. ಅಲ್ಲಿ ಸ್ಮೃತಿ ಚಿತ್ತದ ಐದು ವೃತ್ತಿಗಳಲ್ಲಿ ಒಂದು, ಸುಖದ ಬೆನ್ನಿಗೆ ಬರುವ ರಾಗವಾದರೋ ಕ್ಲೇಶಗಳಲ್ಲಿ ಒಂದು. ಎರಡೂ ಬೇರೆ ಪಟ್ಟಿಗೆ ಸೇರಿದವು. ವೃತ್ತಿಗಳು ಕ್ಲೇಶ ಕೂಡಿದ ಕ್ಲಿಷ್ಟವೂ ಆಗಬಹುದು, ಕ್ಲೇಶವಿಲ್ಲದ ಅಕ್ಲಿಷ್ಟವೂ ಆಗಬಹುದು ಎಂದಮೇಲೆ ನೆನಪು ತಾನಾಗಿ ಬಂಧನವಲ್ಲ, ರಾಗ ಕೂಡಿದಾಗ ಬಂಧನ. ಕಳೆದದ್ದನ್ನು ಮತ್ತೆ ಕಟ್ಟಬಯಸುವ ಹಳಹಳಿಕೆ ಮತ್ತು ಕಳೆದುಹೋದುದನ್ನು ಒಪ್ಪಿ ಚಿಂತಿಸುವ ಹಳಹಳಿಕೆ ಎಂದು ಸ್ವೆಟ್ಲಾನಾ ಬೋಯ್ಮ್ 2001ರಲ್ಲಿ ಮಾಡಿದ ವಿಭಾಗವೂ ಈ ಭೇದಕ್ಕೆ ಹತ್ತಿರದ್ದು.

ಒಟ್ಟಿನಲ್ಲಿ ಡೀಸೆಲ್ ರೈಲಿನ ಹಳೆಯ ಚಿತ್ರ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುತ್ತದೆ. ಹಳಹಳಿಕೆಯ ವಿಷಯ ಎಂಜಿನ್ನಿನ ಶ್ರೇಷ್ಠತೆಯಲ್ಲ, ಅದು ನಿತ್ಯದ ಭಾಗವಾಗಿದ್ದ ಲೋಕ. ನಿತ್ಯವಾಗಿದ್ದಾಗ ಯಾರೂ ಬೆಲೆ ಕಟ್ಟದ್ದಕ್ಕೆ ಇಲ್ಲವಾದ ಮೇಲೆ ಬೆಲೆ ಬಂದಿದೆ. ಆ ಲೋಕದ ಬಗ್ಗೆ ಚಿತ್ರ ಕೊಡುವುದು ಜ್ಞಾನವೇ ಹೌದು, ಆದರೆ ಬೆಳಕು ಬಿದ್ದಷ್ಟು ಜಾಗದ, ಷಟರ್ ತೆರೆದಷ್ಟು ಹೊತ್ತಿನ ಜ್ಞಾನ. ಆ ಮಿತಿಯೊಳಗೆ ನಿಂತ ನೆನಪು ಪ್ರಮಾಣವಾಗುತ್ತದೆ. ಮಿತಿಯಾಚೆಗೆ ಕಾಲವನ್ನೆಲ್ಲ ಹೊನ್ನಾಗಿಸುವ ಬಯಕೆ ನೋಡುವವನ ರಾಗ, ಅದರ ಹೊಣೆಯನ್ನು ಚಿತ್ರದ ಮೇಲೆ ಹೊರಿಸಲಾಗದು.