ಬೆಕ್ಕಿನ ಸಿಟ್ಟಿಗೆ ಪಾಪವಿದೆಯೇ?

ಪ್ರಾಣಿಜನ್ಮವನ್ನು ನಮ್ಮ ಹಿರಿಯರು ಭೋಗಯೋನಿ ಎಂದರು: ಹಳೆಯ ಕರ್ಮ ಉಣ್ಣುವುದಷ್ಟೇ, ಹೊಸದು ಅಂಟುವುದಿಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಈ ಮಾತು ಪರೀಕ್ಷೆಗೆ ಬಂತು. ಕಾಂಪೌಂಡಿನ ಮೇಲೆ ಕೂತ ಗಂಡುಬೆಕ್ಕನ್ನು ನಮ್ಮ ಸಾಕುಬೆಕ್ಕು ಚಿನ್ನಿ ಕಿಟಕಿಯಿಂದ ದಿಟ್ಟಿಸುತ್ತಿತ್ತು. ಬಾಲದ ಕೂದಲು ನಿಮಿರಿ, ಕಿವಿ ಹಿಂದಕ್ಕೆ ಅಂಟಿತ್ತು. ಪಕ್ಕದಲ್ಲಿ ಹಾದ ಅತ್ತೆಯವರ ಕಾಲಿಗೆ ಎಗರಿ ಕಚ್ಚಿತು. ಎದುರಾಳಿ ಸಿಗದಾಗ ಕೆರಳಿದ ಬೆಕ್ಕು ಹತ್ತಿರ ಇದ್ದವರ ಮೇಲೆ ಬೀಳುತ್ತದೆ. ಆ ಉದ್ವೇಗ ಇಳಿಯಲು ಗಂಟೆಗಟ್ಟಲೆ ಬೇಕು. ಗಾಯವನ್ನು ಸೋಪುನೀರಿನಲ್ಲಿ 15 ನಿಮಿಷ ತೊಳೆದು, ರೇಬಿಸ್ ಚುಚ್ಚುಮದ್ದು ಹಾಕಿಸಿದೆವು.

"ಎಲ್ಲಾದರೂ ದೂರ ಬಿಟ್ಟು ಬನ್ನಿ" ಎಂದರು ನೆರೆಯವರು. ಅತ್ತೆಯವರೇ ಒಪ್ಪಲಿಲ್ಲ: "ಅದಕ್ಕೇನ್ರೀ ಗೊತ್ತಾಗತ್ತೆ, ಬುದ್ಧಿ ಇರೋದು ನಮಗಲ್ವಾ?" ಅವರು ತೆಂಗಲೆ ಶ್ರೀವೈಷ್ಣವರು, ಮಾರ್ಜಾಲ ನ್ಯಾಯ ಕೇಳಿ ಬೆಳೆದವರು. ತಾಯಿಬೆಕ್ಕು ಮರಿಯನ್ನು ಕಚ್ಚಿ ಒಯ್ಯುವಂತೆ ದೇವರು ಶರಣಾದವನನ್ನು ತಾನೇ ಹೊರುತ್ತಾನೆ ಎಂಬ ನಂಬಿಕೆ ಅದು. ಹೊರುವ ಹಲ್ಲೂ ಕಚ್ಚುವ ಹಲ್ಲೂ ಒಂದೇ.

ಪಾಪವೇನಾದರೂ ಇದ್ದರೆ ಹೊಡೆಯುವ, ಬೀದಿಗೆ ಬಿಡುವ ನಮ್ಮದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಸಾಕಿದ ಪ್ರಾಣಿಯನ್ನು ಹಾಗೆ ತೊರೆಯುವುದು ಅಪರಾಧ. ಕೆರಳಿದ ಬೆಕ್ಕನ್ನು ಎತ್ತಿಕೊಳ್ಳಬೇಡಿ, ಗದರಬೇಡಿ. ದೀಪ ಆರಿಸಿ, ಬಾಗಿಲೆಳೆದುಕೊಂಡು ಹೊರಬನ್ನಿ. ಕಾರಣವೇ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ, ಹಲ್ಲುನೋವೂ ಇರಬಹುದು.