ಅಟ್ಟದ ಮೇಲಿನ ಸ್ಕ್ಯಾನರ್

ಹಿಂದೆಂದೋ ಕೊಂಡ ಸ್ಕ್ಯಾನರ್ ಒಂದು ನಮ್ಮಲ್ಲಿ ಹಲವರ ಮನೆಯ ಅಟ್ಟದ ಮೇಲೆ ಇನ್ನೂ ಇದೆ. ಹೊಸ ಕಂಪ್ಯೂಟರಿಗೂ ಅದಕ್ಕೂ ಹೊಂದಾಣಿಕೆಯಿಲ್ಲ. ಮುಂದಿನ ಹಬ್ಬದ ಸ್ವಚ್ಛತೆಗೆ ಗುಜರಿ ಸೇರುತ್ತದೆ. ಆದರೆ ಅದರೊಳಗಿನ ಲೀನಿಯರ್ ಸೆನ್ಸರ್ ಬಹುಶಃ ಚೆನ್ನಾಗಿಯೇ ಇರುತ್ತದೆ. ಕ್ಯಾಮೆರಾದಂತೆ ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯದೆ, ಒಂದೊಂದೇ ಗೆರೆಯಾಗಿ ಹಾಳೆಯನ್ನು ಓದಿ ಮುಗಿಸುವ ತಾಳ್ಮೆಯ ಭಾಗ ಅದು.

ಇಂಥ ಸೆನ್ಸರ್‌ಗಾಗಿ ಎಲೆಕ್ಟ್ರಾನಿಕ್ಸ್ ಹವ್ಯಾಸದ ಮಕ್ಕಳು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ವಿಚಾರಿಸುವುದುಂಟು. ನೆಲದ ಗೆರೆ ಹಿಡಿದು ಓಡುವ ಪುಟ್ಟ ಕಾರಿಗೆ 128 ಪಿಕ್ಸೆಲ್‌ಗಳ ಟಿಎಸ್‌ಎಲ್1401 ಸಾಕು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಕಟ್ಟುವವರು ತೋಷಿಬಾದ ಟಿಸಿಡಿ1304 ಕೇಳುತ್ತಾರೆ. ಅದರಲ್ಲಿ 3648 ಪಿಕ್ಸೆಲ್‌ಗಳು, ಒಂದೊಂದೂ 8 ಮೈಕ್ರಾನ್ ಅಗಲ. ಪಿಕ್ಸೆಲ್ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಕೊಂಡರೆ ಮುಂದಿನ ತೊಡಕು ಶುರು. ಸೆನ್ಸರನ್ನು ಓದಲು ಮಕ್ಕಳು ಬಳಸುವ ಆರ್ಡುಯಿನೊ ಊನೊ ಎಂಬ ಪುಟ್ಟ ಬೋರ್ಡಿನ ಹಳೆಯ ಮಾದರಿಗಳಲ್ಲಿ ಕೆಲಸಕ್ಕೆ ಸಿಗುವ ಮೆಮೊರಿ (RAM) 2 ಕಿಲೋಬೈಟ್ ಮಾತ್ರ; ಪಿಕ್ಸೆಲ್ಲಿಗೆ ಒಂದೇ ಬೈಟ್ ಎಂದರೂ ಒಂದು ಗೆರೆ ಅದರಲ್ಲಿ ಹಿಡಿಸದು. ಪಾತ್ರೆ ನೋಡಿ ಅಕ್ಕಿ ಅಳೆಯುವ ವಿವೇಕ ಇಲ್ಲೂ ಬೇಕು. ದುಡ್ಡು ಕೊಡುವ ಮೊದಲು ಡೇಟಾಶೀಟ್, ಅಂದರೆ ತಯಾರಕರ ವಿವರಪತ್ರ, ಓದುವ ಅಭ್ಯಾಸವನ್ನು ಮಕ್ಕಳಿಗೆ ಹೇಳಿಕೊಟ್ಟರೆ ಅದು ಜನ್ಮಪೂರ್ತಿ ಉಳಿಯುವ ವಿದ್ಯೆ.

ಹಳೆಯ ಸ್ಕ್ಯಾನರಿನಿಂದ ಬಿಚ್ಚಿದ ಸೆನ್ಸರಿಗೆ ಡೇಟಾಶೀಟ್ ಸಿಗುವುದೇ ಕಷ್ಟ. ಹತ್ತು ಹನ್ನೆರಡು ಪಿನ್‌ಗಳಲ್ಲಿ ಗ್ರೌಂಡ್ ಯಾವುದು, ಕ್ಲಾಕ್ ಯಾವುದು, ಎಲ್‌ಇಡಿ ದೀಪದ್ದು ಯಾವುದು? ಯಾರೋ ಒಬ್ಬರು ಮೀಟರ್ ಹಿಡಿದು, ನಿದ್ದೆಗೆಟ್ಟು ಕಂಡುಹಿಡಿಯಬೇಕು. ಸೆನ್ಸರ್ ದುಡ್ಡಿಗೆ ಸಿಕ್ಕೀತು, ಈ ತಿಳಿವಳಿಕೆ ಸಿಗುವುದಿಲ್ಲ. ಕಂಡುಕೊಂಡವರು ಬರೆದಿಡದಿದ್ದರೆ ಮುಂದಿನವರು ಅದೇ ಶ್ರಮವನ್ನು ಮೊದಲಿನಿಂದ ಪಡಬೇಕು. ನನಗೆ ಇದೇ ನಿಜವಾದ ನಷ್ಟವಾಗಿ ಕಾಣುತ್ತದೆ.

ಹಾಗಾಗಿ ಗುಜರಿಗೆ ಹಾಕುವ ಮುಂಚೆ ಬೀದಿಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ಒಂದು ಮಾತು ಕೇಳೋಣ. ಬೇಕೆನ್ನುವ ಹುಡುಗಿಯೋ ಹುಡುಗನೋ ಇದ್ದೇ ಇರುತ್ತಾರೆ. ಬಿಚ್ಚುವಾಗ ದೊಡ್ಡವರೊಬ್ಬರು ಜೊತೆಗಿರಲಿ, ಕರೆಂಟಿನ ವೈರ್ ಮೊದಲೇ ತೆಗೆದಿರಲಿ. ಹಳೆಯ ಕೆಲವು ಸ್ಕ್ಯಾನರ್‌ಗಳಲ್ಲಿ ತೆಳು ಟ್ಯೂಬ್‌ಲೈಟ್ ಇರುತ್ತದೆ. ಅದರಲ್ಲಿ ಪಾದರಸವಿದೆ, ಒಡೆಯಬಾರದು. ಕೆಲಸ ಮುಗಿದ ಮೇಲೆ ಸ್ಕ್ಯಾನರಿನ ಮಾಡೆಲ್ ಸಂಖ್ಯೆ, ಪಿನ್‌ಗಳ ಕ್ರಮ, ಕೊಟ್ಟ ವೋಲ್ಟೇಜ್ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕಾಲೇಜಿನ ಲ್ಯಾಬಿನಲ್ಲಿಡಲು ಆ ಮಗುವಿಗೆ ಹೇಳಿ. ಮುಂದಿನ ವರ್ಷ ಬರುವವರು ಅಲ್ಲಿಂದಲೇ ಶುರುಮಾಡಬಹುದು.